ಶಾಲೆಗೆ ಮುಂಚಿನ ಒಂದೂವರೆ ಗಂಟೆ, ಶಾಲೆ ಬಿಟ್ಟ ಮೇಲಿನ ಮೂರು ಗಂಟೆ: ಆರು ವರ್ಷದ ಮಗುವನ್ನು ಯಾರ ಕೈಗೆ ಒಪ್ಪಿಸೋದು?

ಒಂದನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಆರು ವರ್ಷ, ಈ ವರ್ಷ ಒಂದನೇ ಕ್ಲಾಸ್. ಶಾಲೆ ಒಂಬತ್ತಕ್ಕೆ ಶುರು, ಮೂರೂವರೆಗೆ ಬಿಡ್ತಾರೆ. ನಾನು ಏಳೂಕಾಲಿಗೆ ಮನೆ ಬಿಡಬೇಕು, ನಮ್ಮ ಯಜಮಾನರು ಅದಕ್ಕೂ ಮೊದಲೇ ಹೊರಡ್ತಾರೆ. ಸಂಜೆ ಯಾರು ಮೊದಲು ಬಂದರೂ ಆರೂವರೆ. ಹೋದ ವರ್ಷದ ತನಕ ಈ ತಾಪತ್ರಯ ಇರಲಿಲ್ಲ. ಬೆಳಗ್ಗೆ ಬಿಟ್ಟ ಕಟ್ಟಡದಿಂದಲೇ ಸಂಜೆ ಕರ್ಕೊಂಡು ಬರ್ತಿದ್ವಿ. ಮಗು ದೊಡ್ಡದಾದ ಹಾಗೆ ಕಷ್ಟ ಕಡಿಮೆ ಆಗುತ್ತೆ ಅಂದ್ಕೊಂಡಿದ್ದೆ. ಆಗಿದ್ದು ಬೇರೆ. ಈಗ ದಿನಕ್ಕೆ ಮೂರು ಜಾಗ, ನಾಲ್ಕು ಜನರ ಕೈ.

ಹೋದ ವಾರ ಒಂದು ದಿನ ಡೇ ಕೇರ್‌ನಿಂದ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ. ಅವತ್ತು ಶಾಲೆಗೆ ರಜೆ ಅಂತ ಅವರು ತಿಳ್ಕೊಂಡಿದ್ರಂತೆ. ಗೇಟಿನ ಹತ್ತಿರ ಇದ್ದವರು ಮಗುವನ್ನು ಡೇ ಕೇರ್‌ನವರು ಕರ್ಕೊಂಡು ಹೋಗಿರ್ತಾರೆ ಅಂತ ತಿಳ್ಕೊಂಡಿದ್ರು. ಮುಕ್ಕಾಲು ಗಂಟೆ ಕಳೆದ ಮೇಲೆ ಬೇರೆ ಮಗುವಿನ ತಂದೆಯೊಬ್ಬರು ನೋಡಿ ಆಫೀಸಿಗೆ ತಿಳಿಸಿ, ಅಲ್ಲಿಂದ ನನಗೆ ಫೋನ್ ಬಂತು. ನಾನು ಹೋಗಿ ತಲುಪಿದಾಗ ಅವಳು ಮೆಟ್ಟಿಲ ಮೇಲೆ ಬ್ಯಾಗನ್ನ ಬೆನ್ನಿಗೆ ಹಾಕ್ಕೊಂಡೇ ಕೂತಿದ್ದಳು. ಅತ್ತಿರಲಿಲ್ಲ. ನೀರಿನ ಬಾಟಲಿಯ ಪಟ್ಟಿಯ ತುಂಬಾ ಹಲ್ಲಿನ ಗುರುತು. ಎತ್ಕೊಂಡಾಗ ಕೇಳಿದ್ದು ಒಂದೇ ಮಾತು: “ಅಮ್ಮಾ, ಇವತ್ತು ನಾನು ಎಲ್ಲಿಗೆ ಹೋಗ್ಬೇಕಿತ್ತು?”

ಅವತ್ತಿಂದ ಕೆಲಸದಲ್ಲಿ ಕೂತರೂ ಮೂರೂವರೆ ಆಗ್ತಿದ್ದ ಹಾಗೆ ಎದೆ ಹೊಡ್ಕೊಳ್ಳುತ್ತೆ. ಜಾಗ ಬದಲಾಯಿಸೋಣ ಅಂತಿದ್ದೀವಿ. ಹೊಸದು ಹುಡುಕುವಾಗ ಏನೇನು ನೋಡಬೇಕು? ಇನ್ನೊಂದು ವಿಷಯ. ಅಲ್ಲಿ ಎಲ್ಲರ ಜೊತೆ ಚೆನ್ನಾಗೇ ಇರ್ತಾಳಂತೆ, ಮನೆಗೆ ಬಂದು ಚಪ್ಪಲಿ ಬಿಡ್ತಿದ್ದ ಹಾಗೆ ರಚ್ಚೆ ಶುರು. ಇದೂ ಅದಕ್ಕೇನಾ?

ಡೇ ಕೇರ್‌ನಲ್ಲಿ 14 ವರ್ಷ

ಓದಿ ಸಂಕಟ ಆಯ್ತು ಕಣ್ರೀ. ನಾನು ಶಾಲಾ ಮಕ್ಕಳ ವಿಭಾಗವನ್ನೇ ನೋಡ್ಕೊಳ್ಳೋಳು. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೀತೀವಿ, ಸಂಜೆ ಏಳಕ್ಕೆ ಹಾಕ್ತೀವಿ. ನನ್ನ ಅನುಭವದಲ್ಲಿ ಅವಘಡ ಆಗೋದು ಶಾಲೆಯಲ್ಲೂ ಅಲ್ಲ, ಡೇ ಕೇರ್‌ನಲ್ಲೂ ಅಲ್ಲ. ಎರಡರ ಮಧ್ಯದ ಹತ್ತು ಹದಿನೈದು ನಿಮಿಷದಲ್ಲಿ. ಗಂಟೆ ಹೊಡೆದ ಮೇಲೆ ಮಗು ಶಾಲೆಯವರ ಲೆಕ್ಕದಲ್ಲಿಲ್ಲ, ಡೇ ಕೇರ್ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಆ ಹೊತ್ತಲ್ಲಿ ಮಗುವಿನ ಹೊಣೆ ಯಾರದು ಅಂತ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ನೋಡಿ. “ಅವರು ನೋಡ್ಕೊಳ್ತಾರೆ” ಅಂತ ಇಬ್ಬರೂ ಅಂದರೆ ಯಾರೂ ನೋಡ್ಕೊಳ್ಳೋಲ್ಲ ಅಂತ ಅರ್ಥ.

ನಾವು ಮಾಡೋದು ಹೀಗೆ. ನಮ್ಮವರು ಗೇಟಿನ ಹೊರಗೆ ನಿಲ್ಲೋಲ್ಲ. ಕ್ಲಾಸ್ ಬಾಗಿಲ ತನಕ ಹೋಗಿ, ಮಿಸ್ ಕೈಯಿಂದ ಮಗುವನ್ನು ತಗೊಂಡು, ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕ್ತಾರೆ. ಅಲ್ಲಿಂದ ಹೊರಡೋ ಮುಂಚೆ ಒಂದು ಸಲ, ಗಾಡಿ ಹತ್ತಿದ ಮೇಲೆ ಒಂದು ಸಲ, ಇಳಿದ ಮೇಲೆ ಒಂದು ಸಲ ಹಾಜರಿ. ಅದೂ ತಲೆ ಎಣಿಸೋದಲ್ಲ, ಹೆಸರು ಕರೆಯೋದು. ಹನ್ನೆರಡು ತಲೆ ಇದ್ದರೆ ಹನ್ನೆರಡೂ ನಮ್ಮ ಮಕ್ಕಳೇ ಅನ್ನೋ ಗ್ಯಾರಂಟಿ ಇಲ್ಲ. ಯಾವುದೋ ಮಗು ಗೆಳತಿಯ ಹಿಂದೆ ಬಂದು ಹತ್ತಿ ಕೂತ್ಕೊಂಡಿದ್ದು, ನಮ್ಮ ಮಗು ಟಾಯ್ಲೆಟ್‌ನಲ್ಲೇ ಉಳ್ಕೊಂಡಿದ್ದು ನಾನೇ ಕಂಡಿದ್ದೀನಿ. ಲೆಕ್ಕ ಮಾತ್ರ ಸರಿಯಾಗಿತ್ತು! ಗಾಡಿ ಖಾಲಿಯಾದ ಮೇಲೆ ಡ್ರೈವರ್ ಕೊನೇ ಸೀಟಿನ ತನಕ ನಡೆದು ನೋಡಿ ಬರಬೇಕು. ಮಕ್ಕಳು ನಿದ್ದೆ ಹೋಗಿಬಿಟ್ಟಿರ್ತಾರೆ.

ಬರಬೇಕಾದ ಮಗು ಕ್ಲಾಸಿನಲ್ಲಿ ಇಲ್ಲ ಅಂದರೆ ಅಲ್ಲಿಂದಲೇ ತಾಯಿ ತಂದೆಗೆ ಫೋನ್. ಡೇ ಕೇರ್‌ಗೆ ವಾಪಸ್ ಬಂದು, ಚೀಲ ಇಳಿಸಿ, ಆಮೇಲೆ ಮಾಡೋದಲ್ಲ. ರಜೆ ಇದ್ದರೆ ನೀವು ಎರಡೂ ಕಡೆ ಹೇಳಬೇಕು, ಅದು ನಿಮ್ಮ ಪಾಲು. ಒಂದು ಕಡೆ ಹೇಳಿ ಇನ್ನೊಂದು ಕಡೆ ಮರೆಯೋ ತಂದೆತಾಯಿ ಬೇಕಾದಷ್ಟು ಜನ.

ಮಗುವಿಗೂ ಒಂದು ಮಾತು ಕಲಿಸಿಡಿ. “ಯಾರೂ ಬರಲಿಲ್ಲ ಅಂದರೆ ಗೇಟ್ ದಾಟಬೇಡ. ವಾಪಸ್ ಹೋಗಿ ಮಿಸ್ ಹತ್ತಿರವೋ ಆಫೀಸಿನಲ್ಲೋ ಹೇಳು.” ಬಾಯಲ್ಲಿ ಹೇಳಿದರೆ ಸಾಲದು, ಒಂದು ದಿನ ಜೊತೆಗೆ ನಡೆದು ತೋರಿಸಿ. ಆರು ವರ್ಷದ ಮಕ್ಕಳಿಗೆ ದಾರಿ ನೆನಪಿರೋದು ಕಾಲಲ್ಲಿ.

ರಚ್ಚೆ ಬಗ್ಗೆ ರಾತ್ರಿ ಬರೀತೀನಿ, ಮಕ್ಕಳು ಬರೋ ಹೊತ್ತಾಯ್ತು.

ಇಬ್ಬರು ಮಕ್ಕಳ ಅಪ್ಪ

ಸುರಕ್ಷತೆ ಸರಿ, ಅದರಲ್ಲಿ ಎರಡು ಮಾತಿಲ್ಲ. ನನ್ನದೊಂದು ಬೇರೆ ನೋಟ. ಮೂರು ಗಂಟೆ ಹೊತ್ತು ಮಗು ಅಲ್ಲಿ ಇರುತ್ತೆ. ಅಷ್ಟರಲ್ಲಿ ಹೋಂವರ್ಕ್ ಮುಗಿಸಿ, ಸ್ವಲ್ಪ ಓದಿಸಿ ಕಳಿಸೋ ಕಡೆ ಸೇರಿಸಿ. ನಾವು ಹಾಗೇ ಮಾಡಿದ್ದು. ಸಂಜೆ ಏಳಕ್ಕೆ ಮನೆಗೆ ಬಂದು ಮಗ್ಗಿ ಹಿಡ್ಕೊಂಡು ಕೂತರೆ ಮಕ್ಕಳಿಗೂ ನಮಗೂ ತಲೆ ಚಿಟ್ಟು ಹಿಡಿಯುತ್ತೆ. ಈಗ ಮನೆಯಲ್ಲಿ ಜಗಳ ಇಲ್ಲ.

ಪ್ರಾಥಮಿಕ ಶಾಲೆ ಮೇಷ್ಟ್ರು

ಮೇಲಿನವರ ಮಾತು ಅರ್ಧ ಒಪ್ತೀನಿ, ಅರ್ಧ ಒಪ್ಪೋಲ್ಲ. ಹೋಂವರ್ಕ್ ಮುಗಿಸಿಕೊಂಡು ಬಂದರೆ ಮನೆಯ ಸಂಜೆ ಹಗುರ ಆಗೋದು ನಿಜ. ಅಮೆರಿಕದಲ್ಲಿ ಶಿಕ್ಷಕರ ಸಂಘವೇ ಒಪ್ಪಿಕೊಂಡಿರೋ ಒಂದು ಅಂದಾಜಿದೆ, ತರಗತಿಗೆ 10 ನಿಮಿಷ. ಒಂದನೇ ಕ್ಲಾಸಿಗೆ 10, ಎರಡನೇದಕ್ಕೆ 20. ಆ ಲೆಕ್ಕದಲ್ಲಿ ಈ ಮಗುವಿನ ಹೋಂವರ್ಕಿಗೆ ಒಂದು ಶಾಂತ ಮೂಲೆ, ಒಂದು ಮೇಜು, ಒಬ್ಬರು ಪಕ್ಕದಲ್ಲಿ ಇದ್ದರೆ ಆಯ್ತು. ಉಳಿದ ಎರಡೂಮುಕ್ಕಾಲು ಗಂಟೆ ಏನು ಮಾಡಿಸ್ತೀರಿ? ಮತ್ತೆ ಬರೆಸ್ತೀರಾ?

ನಾನು ಬೆಳಗಿನ ಹೊತ್ತಲ್ಲಿ ಮಕ್ಕಳ ಮುಖ ನೋಡೋನು. ಹಿಂದಿನ ಸಂಜೆ ಪೂರ್ತಿ ಕೂತು ಬರೆದ ಮಗು ಯಾವುದು, ಓಡಾಡಿ ಆಡಿದ ಮಗು ಯಾವುದು ಅಂತ ಪೆನ್ಸಿಲ್ ಹಿಡಿಯೋದರಲ್ಲೇ ಗೊತ್ತಾಗುತ್ತೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರೋ ಹಾಗೆ ಮೈ ದಂಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಏಳಕ್ಕೆ ಮನೆ ಬಿಟ್ಟು ಆರೂವರೆಗೆ ಸೇರೋ ಮಗುವಿಗೆ ಆ 60 ನಿಮಿಷ ಸಿಗೋದಿದ್ದರೆ ಸಂಜೆಯ ಈ ಮೂರು ಗಂಟೆಯಲ್ಲೇ ಸಿಗಬೇಕು. ಅಲ್ಲಿ ಅಂಗಳ ಇದೆಯಾ ಅಂತ ಮಾತ್ರ ಕೇಳಬೇಡಿ. ಅಂಗಳಕ್ಕೆ ದಿನಾ ಬಿಡ್ತಾರಾ ಅಂತ ಕೇಳಿ. ಬೀಗ ಹಾಕಿರೋ ಅಂಗಳ ಎಷ್ಟೋ ಕಡೆ ಇದೆ.

ನಿದ್ದೆಯದ್ದೂ ಒಂದು ಮಾತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ ಆರಕ್ಕೆ ಎಬ್ಬಿಸಬೇಕಾದರೆ ರಾತ್ರಿ ಒಂಬತ್ತಕ್ಕೆ ಕಣ್ಣು ಮುಚ್ಚಿರಬೇಕು, ಅದು ಕನಿಷ್ಠ. ಆರೂವರೆಗೆ ಮನೆಗೆ ಬಂದ ಮೇಲೆ ಸ್ನಾನ, ಊಟ, ನಿಮ್ಮ ಹತ್ತಿರ ಒಂದಿಷ್ಟು ಮಾತು. ಇಷ್ಟಕ್ಕೇ ಎರಡೂವರೆ ಗಂಟೆ ಮುಗಿದುಹೋಗುತ್ತೆ.

ಇಬ್ಬರು ಮಕ್ಕಳ ಅಪ್ಪ

ಮೇಷ್ಟ್ರೇ, ಅಂಗಳಕ್ಕೆ ಬಿಡ್ತಾರಾ ಅಂತ ನಾನು ಕೇಳಿಯೇ ಇರಲಿಲ್ಲ. ಇವತ್ತು ಮಗನನ್ನ ಕೇಳಿದೆ. “ಬರೆದು ಮುಗಿಸಿದವರನ್ನ ಬಿಡ್ತಾರೆ, ನನ್ನದು ಮುಗಿಯೋಲ್ಲ” ಅಂದ. ನಾಳೆ ಹೋಗಿ ಮಾತಾಡ್ತೀನಿ.

ಹೊಸಬ

ಅಷ್ಟು ಚಿಕ್ಕ ಮಗು ಇರುವಾಗ ತಾಯಿ ನಾಲ್ಕು ವರ್ಷ ಕೆಲಸ ಬಿಟ್ಟರೆ ಇದ್ಯಾವುದೂ ಇರಲ್ಲ. ಬೇಜಾರು ಮಾಡ್ಕೋಬೇಡಿ, ಮಗುವಿನ ಒಳ್ಳೇದಕ್ಕೆ ಹೇಳಿದ್ದು.

ಮೊಮ್ಮಗನ ಅಜ್ಜಿ

ಅಲ್ಲಪ್ಪ, ಆಕೆ ಕೇಳಿದ್ದು ಕೆಲಸ ಬಿಡಲೋ ಬೇಡವೋ ಅಂತ ಅಲ್ಲ. ಮಗುವಿಗೆ ತಂದೆಯೂ ಇದ್ದಾರೆ, ಅವರಿಗೆ ಯಾಕೆ ಈ ಮಾತು ಹೇಳಲಿಲ್ಲ ನೀನು? ಮನೆ ಹೇಗೆ ನಡೀಬೇಕು ಅಂತ ಮನೆಯವರಿಗೆ ಗೊತ್ತಿರುತ್ತೆ.

ನಾನು ಐದು ವರ್ಷದಿಂದ ಮೊಮ್ಮಗನನ್ನ ನೋಡ್ಕೋತಿದ್ದೀನಿ. “ಅಜ್ಜಿ ಇದ್ದಾರಲ್ಲ, ಏನು ಚಿಂತೆ” ಅಂತಾರೆ ಎಲ್ಲರೂ. ಪ್ರೀತಿಗೆ ಏನೂ ಕಮ್ಮಿ ಇಲ್ಲ. ಆದರೆ ಅರವತ್ತೆಂಟರ ಮಂಡಿ ಇಟ್ಕೊಂಡು ಏಳು ವರ್ಷದ ಹುಡುಗನ ಹಿಂದೆ ಓಡೋಕೆ ಆಗೋಲ್ಲ. ಮಧ್ಯಾಹ್ನ ನನಗೆ ಕಣ್ಣು ಕೂರುತ್ತೆ, ಅವನಿಗೆ ಆಗಲೇ ಹುಮ್ಮಸ್ಸು. ಕೊನೆಗೆ ಟೀವಿ ಹಾಕಿ ಕೂರಿಸ್ತಿದ್ದೆ, ನಿಜ ಹೇಳಬೇಕು. ಈಗ ವಾರಕ್ಕೆ ಮೂರು ದಿನ ಡೇ ಕೇರ್, ಎರಡು ದಿನ ನನ್ನ ಹತ್ತಿರ. ಆ ಎರಡು ದಿನಕ್ಕೆ ಅವನೂ ಕಾಯ್ತಾನೆ, ನಾನೂ ಕಾಯ್ತೀನಿ. ಮನೆಯಲ್ಲಿ ಹಿರಿಯರು ಇರೋರು ಅವರನ್ನೂ ಒಂದು ಮಾತು ಕೇಳಿ, ಎಷ್ಟು ದಿನ ಆಗುತ್ತೆ ಅಂತ. ಮಗನ ಮುಂದೆ ಆಗೋಲ್ಲ ಅನ್ನೋಕೆ ನಮಗೆ ಬಾಯಿ ಬರೋಲ್ಲ.

ಕೊರಳಲ್ಲಿ ಕೀಲಿ

ಹೊಸಬರಿಗೆ ಜಗಳಕ್ಕಲ್ಲ, ನನ್ನ ಕಥೆ ಹೇಳ್ತೀನಿ. ನನ್ನ ಅಮ್ಮನಿಗೆ ಕೆಲಸ ಬಿಡೋ ಹಾಗಿರಲಿಲ್ಲ, ಬಿಟ್ಟಿದ್ದರೆ ಒಲೆ ಉರೀತಿರಲಿಲ್ಲ. ಎರಡನೇ ಕ್ಲಾಸಿನಿಂದ ನನ್ನ ಕೊರಳಲ್ಲಿ ದಾರ ಕಟ್ಟಿದ ಕೀಲಿ. ಅಂಗಿಯ ಒಳಗೆ ಎದೆಗೆ ತಾಗ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮೈ ಬಿಸಿಗೆ ಅದೂ ಬಿಸಿ. ಬೀಗ ತೆಗೆದು ಒಳಗಿಂದ ಚಿಲಕ ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ಕೂರ್ತಿದ್ದೆ. ರೂಮಿನ ಒಳಗೆ ಹೋಗೋಕೆ ಭಯ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಯಾರದು ಅಂತ ಲೆಕ್ಕ. ಅಮ್ಮನದು ಮಾತ್ರ ಕೊನೇ ಮೂರು ಮೆಟ್ಟಿಲು ಬೇಗ ಬೇಗ.

ಅಮ್ಮನ ಮೇಲೆ ನನಗೆ ಇವತ್ತಿಗೂ ಒಂದು ಚೂರು ಬೇಸರ ಇಲ್ಲ. ಆ ಮೂರು ಗಂಟೆ ಕೂರೋಕೆ ಒಂದು ಜಾಗ, “ಬಂದ್ಯಾ ಪುಟ್ಟ” ಅನ್ನೋಕೆ ಒಬ್ಬರು ಇರಬೇಕಿತ್ತು, ಇರಲಿಲ್ಲ. ಜಪಾನಿನಲ್ಲಿ ಇಂಥ ಮಕ್ಕಳಿಗೆ ಒಂದು ಹೆಸರೇ ಇದೆ, ಕಾಗಿಕ್ಕೊ, ಅಂದರೆ ಕೀಲಿ ಮಗು. ಓದಿದಾಗ ಗಂಟಲು ಕಟ್ಟಿತು. ನಮ್ಮಂಥವರು ಲೋಕದ ತುಂಬ ಇದ್ದೀವಿ.

ಸಮಾಜಕಾರ್ಯ ವಿದ್ಯಾರ್ಥಿನಿ

ಕೀಲಿ ಅಣ್ಣಾ, ಅದೇ ಜಪಾನಿನಲ್ಲಿ ಇನ್ನೊಂದು ಮಾತೂ ಇದೆ, “ಒಂದನೇ ಕ್ಲಾಸಿನ ಗೋಡೆ”. ಶಾಲೆಗೆ ಸೇರೋ ಮುಂಚಿನ ಶಿಶುವಿಹಾರ ಸಂಜೆ ಹೊತ್ತಾಗೋ ತನಕ ತೆರೆದಿರುತ್ತೆ. ಒಂದನೇ ಕ್ಲಾಸಿಗೆ ಬಂದ ಕೂಡಲೇ ಮಗು ಬೇಗ ಹೊರಬರುತ್ತೆ, ಶಾಲೆ ನಂತರದ ಕೇಂದ್ರ ಬೇಗ ಮುಚ್ಚುತ್ತೆ. ದುಡಿಯೋ ತಾಯಂದಿರು ಅಲ್ಲಿ ಹೋಗಿ ಗೋಡೆಗೆ ಡಿಕ್ಕಿ ಹೊಡೀತಾರೆ. ಪ್ರಶ್ನೆ ಕೇಳಿದ ಅಕ್ಕ ಬರೆದಿದ್ದು ಪೂರ್ತಿ ಅದೇ.

ಇದು ಒಂದು ಮನೆಯ ಎಡವಟ್ಟಲ್ಲ ಅನ್ನೋದಕ್ಕೆ ಹೇಳ್ತಿದ್ದೀನಿ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿಯಲ್ಲೇ ದುಡಿಯೋ ತಂದೆತಾಯಿಯ ಮಕ್ಕಳಿಗೆ ಆರೈಕೆಯ ಸೌಲಭ್ಯ ಸಿಗೋ ಹಾಗೆ ಸರ್ಕಾರಗಳು ಮಾಡಬೇಕು ಅಂತಿದೆ. ಆ ಹಕ್ಕು ಮಗುವಿನದು ಅಂತ ಬರೆದಿದ್ದಾರೆ, ನನಗೆ ತುಂಬ ಹಿಡಿಸಿದ್ದು ಅದು. ವಿಶ್ರಾಂತಿ, ಬಿಡುವು, ಆಟದ ಹಕ್ಕು 31ನೇ ವಿಧಿಯಲ್ಲಿದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಶಾಲೆ ಬಿಟ್ಟ ಮೇಲಿನ ಹೊತ್ತು ಹೇಗಿರಬೇಕು ಅನ್ನೋದು ಹೊಳೆಯುತ್ತೆ.

ಸ್ವೀಡನ್ನಿನಲ್ಲಿ ಮಗುವಿಗೆ 13 ತುಂಬೋ ವರ್ಷದ ವಸಂತದ ಅವಧಿಯ ತನಕ ಶಾಲೆಗೆ ಮೊದಲೂ ಆಮೇಲೂ ರಜೆಯಲ್ಲೂ ಇರೋಕೆ ಜಾಗ ಇದೆ, ‘ಫ್ರಿಟೀಡ್ಸ್‌ಹೆಮ್’ ಅಂತಾರೆ, ಬಿಡುವಿನ ಮನೆ. ಶಾಲೆಯ ಪಠ್ಯಕ್ರಮದಲ್ಲೇ ಅದಕ್ಕೊಂದು ಪ್ರತ್ಯೇಕ ಭಾಗ ಇದೆ. ಜರ್ಮನಿ 2021ರಲ್ಲಿ ಕಾನೂನು ಮಾಡಿತು: 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ವಾರಕ್ಕೆ ಐದು ದಿನ, ಪಾಠವೂ ಸೇರಿ ದಿನಕ್ಕೆ 8 ಗಂಟೆ ಹಕ್ಕಿನ ಜಾಗ. ವರ್ಷಕ್ಕೊಂದು ತರಗತಿ ಸೇರಿಸುತ್ತಾ 2029ಕ್ಕೆ ನಾಲ್ಕನೇ ತರಗತಿ ತನಕ. ಇಂಗ್ಲೆಂಡ್ 2024ರ ಸೆಪ್ಟೆಂಬರ್‌ನಿಂದ ಪ್ರಾಥಮಿಕ ಶಾಲೆ ಮಕ್ಕಳಿಗೆ ಬೆಳಗ್ಗೆ 8ರಿಂದ ಸಂಜೆ 6ರ ತನಕ ಆರೈಕೆ ಸಿಗೋ ಹಾಗೆ ಮಾಡೋಕೆ ಕೈ ಹಾಕಿದೆ. ಎಲ್ಲ ಕಡೆಯೂ ತಡವಾಗಿ ಎಚ್ಚೆತ್ತವರೇ, ಆದರೂ ಇದು ರಸ್ತೆ, ನೀರಿನ ಹಾಗೆ ಎಲ್ಲರಿಗೂ ಬೇಕಾದದ್ದು ಅಂತ ಒಪ್ಪಿಕೊಂಡಿದ್ದಾರೆ.

ಡೇ ಕೇರ್‌ನಲ್ಲಿ 14 ವರ್ಷ

ಮಗು ನಿದ್ದೆ ಹೋಗಿರೋ ಹೊತ್ತಿಗೆ ಓದ್ತೀರಿ ಅಂತ ಈಗ ಬರೀತಿದ್ದೀನಿ. ರಚ್ಚೆ ವಿಷಯ.

ಆರು ವರ್ಷದ ಮಗು ಶಾಲೆಯಲ್ಲಿ ಆರೂವರೆ ಗಂಟೆ ಕೈಕಾಲು ಕಟ್ಕೊಂಡು ಕೂತಿರುತ್ತೆ. ಸಾಲಲ್ಲಿ ನಿಲ್ಲಬೇಕು, ಕೈ ಎತ್ತಿ ಮಾತಾಡಬೇಕು, ಅಳು ಬಂದರೆ ನುಂಗಬೇಕು. ನಮ್ಮ ಹತ್ತಿರ ಬಂದ ಮೇಲೂ ಇನ್ನೊಂದಿಷ್ಟು ತಡ್ಕೊಳ್ಳುತ್ತೆ. ನಿಮ್ಮನ್ನ ಕಂಡ ಕೂಡಲೇ ಕಟ್ಟೆ ಒಡೆಯುತ್ತೆ. ಎಲ್ಲಿ ಅತ್ತರೂ ನಡೆಯುತ್ತೆ ಅಂತ ಗೊತ್ತಿದೆಯೋ ಅಲ್ಲೇ ಅಳೋದು. ಹಾಗಾಗಿ ಬಾಗಿಲಲ್ಲೇ “ಇವತ್ತು ಏನು ಹೇಳ್ಕೊಟ್ರು, ಡಬ್ಬಿ ಖಾಲಿ ಮಾಡಿದ್ಯಾ” ಅಂತ ಶುರು ಮಾಡಬೇಡಿ. ಕೈಕಾಲು ತೊಳೆಸಿ, ಬಾಯಿಗೆ ಏನಾದರೂ ಕೊಟ್ಟು, ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಹೇಳಬೇಕಾದ್ದು ಮಲಗೋ ಹೊತ್ತಿಗೆ ತಾನಾಗೇ ಬರುತ್ತೆ. ಆದರೆ ಬೆಳಗ್ಗೆ ಹೋಗೋಕೇ ಹಠ ಮಾಡೋದು, ಹಾಸಿಗೆ ಒದ್ದೆ ಮಾಡ್ಕೊಳ್ಳೋದು, ಒಬ್ಬರ ಹೆಸರು ಹೇಳಿದರೆ ಮುದುಡಿಕೊಳ್ಳೋದು ಇದ್ದರೆ ಅದು ಬರೀ ಸುಸ್ತಿನ ರಚ್ಚೆ ಅಲ್ಲ. ಅಂಥದ್ದನ್ನ ಒಂದು ದಿನವೂ ತಳ್ಳಿಹಾಕಬೇಡಿ.

ಜಾಗ ನೋಡೋಕೆ ಹೋಗೋದು ಬೆಳಗ್ಗೆ ಹನ್ನೊಂದಕ್ಕಲ್ಲ. ಆಗ ನೆಲ ಒರೆಸಿರ್ತೀವಿ, ಗೋಡೆಯ ಚಿತ್ರ ಚೆನ್ನಾಗಿ ಕಾಣುತ್ತೆ, ಮಕ್ಕಳೇ ಇರೋಲ್ಲ. ಸಂಜೆ ಐದೂಕಾಲಿಗೆ ಹೋಗಿ. ಅದು ನಮಗೆಲ್ಲ ಕಷ್ಟದ ಹೊತ್ತು. ದೊಡ್ಡವರಿಗೂ ಸುಸ್ತು, ಮಕ್ಕಳಿಗೂ ಸುಸ್ತು, ಒಬ್ಬೊಬ್ಬರೇ ಮನೆಗೆ ಹೋಗ್ತಿರ್ತಾರೆ, ಉಳಿದವರು ಬಾಗಿಲು ನೋಡ್ತಿರ್ತಾರೆ. ಆ ಹೊತ್ತಲ್ಲಿ ಆಯಾ ಎಲ್ಲಿದ್ದಾರೆ ನೋಡಿ. ನೆಲದ ಮೇಲೆ ಮಕ್ಕಳ ಜೊತೆ ಕೂತಿದ್ದಾರೋ, ಗೋಡೆಗೆ ಒರಗಿ ಫೋನ್ ನೋಡ್ತಿದ್ದಾರೋ. ಇಬ್ಬರು ಮಕ್ಕಳು ಕಿತ್ತಾಡಿದರೆ ದೂರು ತಗೊಂಡು ಯಾರ ಹತ್ತಿರ ಓಡಿ ಹೋಗ್ತಾರೆ ನೋಡಿ. ಓಡಿ ಹೋಗೋಕೆ ಒಬ್ಬರು ಇದ್ದಾರೆ ಅಂದರೆ ಆ ಜಾಗಕ್ಕೆ ಜೀವ ಇದೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: “ಇಲ್ಲಿ ಕೆಲಸ ಮಾಡೋರು ಎಷ್ಟು ವರ್ಷದಿಂದ ಇದ್ದಾರೆ?” ಮೂರು ತಿಂಗಳಿಗೊಮ್ಮೆ ಮುಖ ಬದಲಾಗೋ ಕಡೆ ಆಟದ ಸಾಮಾನು ಎಷ್ಟಿದ್ದರೂ ಅಷ್ಟೇ. ನಿಮ್ಮ ಮಗಳು ಇವತ್ತು ಮಾತು ಕಮ್ಮಿ ಆಡಿದಳು ಅಂತ ಗೊತ್ತಾಗಬೇಕಾದರೆ ನಿನ್ನೆ ಎಷ್ಟು ಮಾತಾಡಿದ್ದಳು ಅಂತ ಗೊತ್ತಿರೋರು ಬೇಕು. ಸಂಬಳ ಸರಿಯಾಗಿ ಕೊಡದೇ ಇರೋದರಿಂದ ನಮ್ಮವರು ಬಿಟ್ಟು ಹೋಗ್ತಾರೆ, ಇದನ್ನೂ ಹೇಳಿಬಿಡ್ತೀನಿ. ಕಡಿಮೆ ಫೀಸು ಅಂತ ಖುಷಿಪಡೋ ಮುಂಚೆ ಯಾರ ಹೊಟ್ಟೆ ಮೇಲೆ ಹೊಡೆದು ಕಡಿಮೆ ಮಾಡಿದ್ದಾರೆ ಅಂತ ಒಂದು ಸಲ ಯೋಚಿಸಿ.

ಒಂದನೇ ಕ್ಲಾಸಿನ ಅಮ್ಮ

ಅಕ್ಕಾ, ಬಾಗಿಲಲ್ಲೇ ಡಬ್ಬಿ ಖಾಲಿ ಮಾಡಿದ್ಯಾ ಅಂತ ದಿನಾ ಕೇಳೋದು ನಾನೇ. ಓದಿ ಅತ್ತುಬಿಟ್ಟೆ. ಎಷ್ಟು ಮಕ್ಕಳಿಗೆ ಎಷ್ಟು ಜನ ಇರಬೇಕು ಅಂತ ಏನಾದರೂ ಲೆಕ್ಕ ಇದೆಯಾ?

ಸಮಾಜಕಾರ್ಯ ವಿದ್ಯಾರ್ಥಿನಿ

ದೇಶದಿಂದ ದೇಶಕ್ಕೆ ಬೇರೆ ಅಕ್ಕಾ. ಜಪಾನಿನಲ್ಲಿ 2015ರಲ್ಲಿ ಜಾರಿಗೆ ಬಂದ ಮಾನದಂಡದಲ್ಲಿ ಒಂದು ಗುಂಪಿಗೆ ಸುಮಾರು 40 ಮಕ್ಕಳು, ಇಬ್ಬರು ನೋಡ್ಕೊಳ್ಳೋರು, ಒಂದು ಮಗುವಿಗೆ 1.65 ಚದರ ಮೀಟರ್ ಜಾಗ. ನನ್ನ ಕಣ್ಣಿಗೆ ಅದು ತೀರಾ ಬಿಗಿ. ನೆಲದ ಮೇಲೆ ಒಂದು ಚಾಪೆ ಹಾಸಿದಷ್ಟು ಜಾಗ ಅದು.

ಡೇ ಕೇರ್‌ನಲ್ಲಿ 14 ವರ್ಷ

ಇಬ್ಬರಿಗೆ 40 ಮಕ್ಕಳನ್ನ ನಾನು ಒಪ್ಪೋಲ್ಲ. ಒಂದು ಮಗು ಬಿದ್ದು ಮಂಡಿ ತರಚ್ಕೊಂಡರೆ ಒಬ್ಬರು ಅಲ್ಲಿಗೆ ಹೋಗ್ತಾರೆ. ಉಳಿದ 39 ಮಕ್ಕಳು ಒಬ್ಬರ ಕಣ್ಣಿಗೆ. ಎಷ್ಟೇ ಕಡಿಮೆ ಮಕ್ಕಳಿದ್ದರೂ ದೊಡ್ಡವರು ಇಬ್ಬರಿಗಿಂತ ಕಡಿಮೆ ಇರಬಾರದು, ಕೊನೇ ಮಗು ಮನೆಗೆ ಹೋಗೋ ತನಕ. ಕೊನೇ ಅರ್ಧ ಗಂಟೆ ಒಬ್ಬರನ್ನೇ ಬಿಟ್ಟು ಹೋಗೋ ಕಡೆ ಬೇಡವೇ ಬೇಡ.

ಮಾತು ಕಮ್ಮಿ ಮಗನ ತಾಯಿ

ನನ್ನ ಮಗನಿಗೆ ಆಟಿಸಂ ಇದೆ, ಎಂಟು ವರ್ಷ. ಅವನಿಗೆ ಜಾಗ ಬದಲಾಗೋದೇ ದೊಡ್ಡ ಹಿಂಸೆ. ಶಾಲೆಯ ಗಲಾಟೆ ಮುಗಿಸಿ ಬಂದವನಿಗೆ ಅಲ್ಲಿ ಮತ್ತೆ ಅಷ್ಟೇ ಗಲಾಟೆ. ಮೊದಲಿನ ಕಡೆ ಒಂದು ತಿಂಗಳು ಮೇಜಿನ ಕೆಳಗೇ ಕೂತಿದ್ದ, “ನಿಮ್ಮ ಮಗ ಹೊಂದ್ಕೊಳ್ಳೋಲ್ಲ” ಅಂದರು. ಈಗಿನ ಕಡೆಯವರು ಮೇಜಿನ ಕೆಳಗೆ ಒಂದು ದಿಂಬು ಇಟ್ಟರು. ಅಷ್ಟೇ ಮಾಡಿದ್ದು. ವಾರದ ಮೇಲೆ ದಿಂಬನ್ನ ಎಳ್ಕೊಂಡು ತಾನೇ ಹೊರಗೆ ಬಂದ.

ನಾನು ಐದು ಚಿತ್ರದ ಕಾರ್ಡ್ ಮಾಡಿ ಅವನ ಬ್ಯಾಗಿಗೆ ಕಟ್ಟಿದ್ದೀನಿ: ಮನೆ, ಡೇ ಕೇರ್, ಶಾಲೆ, ಡೇ ಕೇರ್, ಮನೆ. ಒಂದೊಂದು ಮುಗಿದ ಹಾಗೆ ಹಿಂದಕ್ಕೆ ತಿರುಗಿಸ್ತಾನೆ. ಕೊನೇ ಕಾರ್ಡ್ ಉಳಿದಿದೆ ಅಂತ ಗೊತ್ತಿದ್ದರೆ ಕಾಯೋಕೆ ಆಗುತ್ತೆ ಅವನಿಗೆ. “ನಾನು ಎಲ್ಲಿಗೆ ಹೋಗ್ಬೇಕಿತ್ತು” ಅಂತ ನಿಮ್ಮ ಮಗಳು ಕೇಳಿದಳಲ್ಲ, ಅವಳಿಗೂ ಮಾಡಿಕೊಡಿ. ಇದಕ್ಕೆ ಆಟಿಸಂ ಇರಬೇಕು ಅಂತೇನಿಲ್ಲ.

ಮಕ್ಕಳ ವಾರ್ಡಿನ ನರ್ಸ್

ಎರಡೇ ಮಾತು. ಉಬ್ಬಸ ಇರೋ ಮಗುವಿನ ಇನ್ಹೇಲರ್ ಕ್ಲಾಸಿನ ಕಪಾಟಿನಲ್ಲೇ ಉಳಿದುಬಿಡುತ್ತೆ, ಸಂಜೆ ಆಟದಲ್ಲಿ ಉಸಿರು ಕಟ್ಟಿದಾಗ ಶಾಲೆಗೆ ಬೀಗ. ಮಗು ಎಲ್ಲಿಗೆ ಹೋದರೆ ಔಷಧಿಯೂ ಅಲ್ಲಿಗೆ ಹೋಗಬೇಕು, ಇಲ್ಲವೇ ಎರಡೂ ಕಡೆ ಒಂದೊಂದು ಇರಬೇಕು. ಯಾವುದೇ ಔಷಧಿಯನ್ನು ಅದರ ಡಬ್ಬಿ ಸಮೇತ ಕೊಡಿ, ಮಗುವಿನ ಹೆಸರು, ಎಷ್ಟು, ಯಾವಾಗ ಅಂತ ಕೈಯಲ್ಲಿ ಬರೆದು ಕೊಡಿ. ಯಾವ ತಿನಿಸು ಆಗೋಲ್ಲ ಅಂತ ಶಾಲೆಗೆ ಹೇಳಿದ್ದರೆ ಡೇ ಕೇರ್‌ಗೂ ಹೇಳಿದ್ದೀರಾ ಅಂತ ನೋಡ್ಕೊಳ್ಳಿ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ತರಬೇತಿ ಆದವರು ಪ್ರತಿ ಪಾಳಿಯಲ್ಲೂ ಒಬ್ಬರು ಇರಲೇಬೇಕು.

ಪ್ರಾಥಮಿಕ ಶಾಲೆ ಮೇಷ್ಟ್ರು

ಎಲ್ಲರೂ ಸಂಜೆಯದ್ದೇ ಹೇಳ್ತಿದ್ದೀರಿ, ಬೆಳಗ್ಗೆಯದ್ದನ್ನ ಮರೆತ್ವಿ. ಬೆಳಗಿನ ಒಂದೂವರೆ ಗಂಟೆ ಬೇರೆ ಥರದ್ದು. ಮಗು ಇನ್ನೂ ಪೂರ್ತಿ ಎದ್ದಿರೋಲ್ಲ. ಆಗ ಕುಣಿಸೋದು, ಕಲಿಸೋದು ಯಾವುದೂ ಬೇಡ. ಕೂತು ತಿಂಡಿ ತಿನ್ನೋಕೆ ಹೊತ್ತು, ಬಣ್ಣದ ಪೆನ್ಸಿಲ್ಲು, ಮೂಲೆಯಲ್ಲಿ ಒಂದು ಚಾಪೆ ಸಾಕು.

ಅವಸರ ಅಂತ ಮಗು ಬೇರೆ ಕಡೆ ನೋಡ್ತಿರುವಾಗ ತಪ್ಪಿಸ್ಕೊಂಡು ಓಡಬೇಡಿ. ಒಂದು ದಿನ ಅಳು ತಪ್ಪಿತು ಅಂತ ಅನ್ನಿಸಬಹುದು. ಮಾರನೇ ದಿನದಿಂದ ಮಗು ನಿಮ್ಮ ಸೆರಗು ಬಿಡೋಲ್ಲ, ಯಾಕಂದರೆ ನೀವು ಯಾವಾಗ ಮಾಯ ಆಗ್ತೀರೋ ಗೊತ್ತಿಲ್ಲ. ಹೋಗ್ತಿದ್ದೀನಿ ಅಂತ ಹೇಳಿ, ಸಂಜೆ ಕತ್ತಲಾಗೋ ಮುಂಚೆ ಬರ್ತೀನಿ ಅಂತ ಹೇಳಿ, ಅತ್ತರೂ ಹೊರಡಿ.

ಮತ್ತೆ, ರಾತ್ರಿ ಜ್ವರ ಬಂದಿತ್ತು, ಅಜ್ಜ ತೀರ್ಕೊಂಡರು, ಮನೆಯಲ್ಲಿ ಜಗಳ ಆಯ್ತು, ಇಂಥದ್ದನ್ನ ನೀವು ಏಳೂವರೆಗೆ ಆಯಾಗೆ ಹೇಳಿ ಹೋಗ್ತೀರಿ. ಒಂಬತ್ತಕ್ಕೆ ನನ್ನ ಕ್ಲಾಸಿಗೆ ಬರೋ ಹೊತ್ತಿಗೆ ಆ ಮಾತು ದಾರಿಯಲ್ಲೇ ಬಿದ್ದುಹೋಗಿರುತ್ತೆ. ಮಗು ಮಂಕಾಗಿ ಕೂತಿರುತ್ತೆ, ನಾನು ಬರೀಲಿಲ್ಲ ಅಂತ ಗದರಿಬಿಡ್ತೀನಿ. ಎಷ್ಟೋ ಸಲ ಹೀಗಾಗಿದೆ, ಆಮೇಲೆ ಗೊತ್ತಾಗಿ ರಾತ್ರಿ ನಿದ್ದೆ ಬಂದಿಲ್ಲ. ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ಒಂದು ಸಾಲು ಬರೆದರೆ ಮೂರು ಕಡೆಯವರೂ ಓದ್ತೀವಿ.

ಕೊರಳಲ್ಲಿ ಕೀಲಿ

ಎಷ್ಟು ವರ್ಷಕ್ಕೆ ಮಗುವನ್ನು ಒಂಟಿಯಾಗಿ ಮನೆಯಲ್ಲಿ ಬಿಡಬಹುದು ಅಂತ ನನ್ನ ತಂಗಿ ಕೇಳ್ತಿರ್ತಾಳೆ. ಇಂಗ್ಲೆಂಡಿನ ಕಾನೂನಿನಲ್ಲೂ ಇಷ್ಟೇ ವಯಸ್ಸು ಅಂತ ಬರೆದಿಲ್ಲ. 12ಕ್ಕಿಂತ ಚಿಕ್ಕ ಮಕ್ಕಳಿಗೆ ಹೆಚ್ಚು ಹೊತ್ತು ಒಂಟಿಯಾಗಿದ್ದು ಸಂಭಾಳಿಸೋ ಪ್ರಬುದ್ಧತೆ ಬರೋದು ಅಪರೂಪ ಅಂತ ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಹೇಳುತ್ತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತಾಗ ನನಗೆ ಏಳು ವರ್ಷ.

ಒಂದನೇ ಕ್ಲಾಸಿನ ಅಮ್ಮ

ಮೂರು ವಾರ ಆದ ಮೇಲೆ ಬರೀತಿದ್ದೀನಿ. ನೀವೆಲ್ಲ ಹೇಳಿದ ಹಾಗೆ ಸಂಜೆ ಐದೂಕಾಲಿಗೆ ನಾಲ್ಕು ಕಡೆ ಹೋಗಿ ನೋಡಿದೆ, ಅರ್ಧ ದಿನದ ರಜೆ ಹಾಕಿ. ಮೊದಲನೇದರಲ್ಲಿ ಒಳಗೆ ಬಿಡಲೇ ಇಲ್ಲ, ಬೆಳಗ್ಗೆ ಬನ್ನಿ ಅಂದರು. ಎರಡನೇದರಲ್ಲಿ ಹನ್ನೊಂದು ಮಕ್ಕಳು ಸಾಲಾಗಿ ಟೀವಿ ಮುಂದೆ. ಮೂರನೇದು ಚೆನ್ನಾಗಿತ್ತು, ಜಾಗ ಖಾಲಿ ಇಲ್ಲ. ನಾಲ್ಕನೇದು ಹಳೇ ಮನೆ, ಗೋಡೆಯ ಬಣ್ಣ ಕಿತ್ತುಹೋಗಿದೆ. ನಾನು ಹೋದಾಗ ಒಬ್ಬ ಹುಡುಗ ಒಂದು ಕಾಲಿಗೆ ಮಾತ್ರ ಶೂ ಹಾಕ್ಕೊಂಡು ಅಳ್ತಾ ಓಡಿ ಬಂದ. ಅಲ್ಲಿದ್ದವರು ನನ್ನ ಜೊತೆ ಆಡ್ತಿದ್ದ ಮಾತನ್ನ ಅಲ್ಲೇ ನಿಲ್ಲಿಸಿ, ಕೂತು, ಅವನ ಇನ್ನೊಂದು ಶೂ ಯಾರು ಬಚ್ಚಿಟ್ಟರು ಅನ್ನೋ ಪೂರ್ತಿ ಕಥೆ ಕೇಳಿದರು. ನನ್ನನ್ನ ಐದು ನಿಮಿಷ ನಿಲ್ಲಿಸಿಬಿಟ್ಟರು. ಅಲ್ಲೇ ಸೇರಿಸಿದೆ. ಅವರು ಅಲ್ಲಿ ಒಂಬತ್ತು ವರ್ಷದಿಂದ ಇದ್ದಾರಂತೆ.

ಶಾಲೆಯಲ್ಲೂ ಮಾತಾಡಿದೆ. ಕ್ಲಾಸ್ ಬಾಗಿಲಲ್ಲಿ ಸಹಿ ಪುಸ್ತಕ ಇಡೋಕೆ ಮೊದಲು ಹಿಂದೆ ಮುಂದೆ ನೋಡಿದರು. ಅದೇ ಕ್ಲಾಸಿನಿಂದ ಡೇ ಕೇರ್‌ಗೆ ಹೋಗೋ ಇನ್ನೂ ಆರು ಮಕ್ಕಳ ತಂದೆತಾಯಿ ಸೇರಿ ಕೇಳಿದ ಮೇಲೆ ಒಪ್ಪಿದರು. ಐದು ಕಾರ್ಡ್ ಮಾಡಿ ಕಟ್ಟಿದ್ದೀನಿ. ಮಗಳು ಆರನೇದು ತಾನೇ ಬರೆದು ಸೇರಿಸಿದ್ದಾಳೆ, ಎರಡು ಡೇ ಕೇರ್ ಕಾರ್ಡಿನ ಮಧ್ಯೆ ಶಾಲೆ ಆದ ಮೇಲೆ: ಒಂದು ಬಾಗಿಲು, ಅದರ ಪಕ್ಕ ಪುಸ್ತಕ ಹಿಡಿದ ಒಬ್ಬ ಹೆಂಗಸು.

ರಚ್ಚೆ ಇನ್ನೂ ಇದೆ. ವಾರಕ್ಕೆ ಎರಡು ಸಲ. ನಾನು ಬಾಗಿಲಲ್ಲಿ ಏನೂ ಕೇಳೋಲ್ಲ ಈಗ.

ಇಬ್ಬರು ಮಕ್ಕಳ ಅಪ್ಪ

ಸಂತೋಷ ಆಯ್ತು ಮೇಡಂ. ನಮ್ಮಲ್ಲೂ ಬರೆದು ಮುಗಿಸದವರನ್ನೂ ಅರ್ಧ ಗಂಟೆ ಅಂಗಳಕ್ಕೆ ಬಿಡೋಕೆ ಒಪ್ಪಿದ್ದಾರೆ. ಪೂರ್ತಿ ಒಂದು ಗಂಟೆಗೆ ಇನ್ನೂ ಮಾತುಕತೆ ನಡೀತಿದೆ.

ಡೇ ಕೇರ್‌ನಲ್ಲಿ 14 ವರ್ಷ

ಶೂ ಹುಡುಕಿಕೊಟ್ಟವರಿಗೆ ನನ್ನ ನಮಸ್ಕಾರ ಹೇಳಿ. ದೊಡ್ಡ ರಜೆ ಹತ್ತಿರ ಬರ್ತಿದೆ, ಶಾಲೆ ಇಲ್ಲದ ದಿನಗಳಲ್ಲಿ ಬೆಳಗ್ಗಿಂದ ಸಂಜೆ ತನಕ ಇಟ್ಕೋತಾರಾ ಅಂತ ಈಗಲೇ ಕೇಳಿಡಿ. ಕೊನೇ ವಾರದಲ್ಲಿ ಕೇಳಿದರೆ ಯಾವ ಕಡೆಯೂ ಜಾಗ ಇರೋಲ್ಲ.

ಒಂದನೇ ಕ್ಲಾಸಿನ ಅಮ್ಮ

ಅಯ್ಯೋ, ಅದನ್ನ ಯೋಚನೆಯೇ ಮಾಡಿರಲಿಲ್ಲ. ನಾಳೆ ಬಿಡೋಕೆ ಹೋದಾಗಲೇ ಕೇಳ್ತೀನಿ ಅಕ್ಕಾ.